ನೀನು ಎಂತ ಆಡಿದರೂ

ನನ್ನ ಗಂಡನ ಅಣ್ಣನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರ ಹೆಂಡತಿಯನ್ನು ಕಂಡರಂತೂ ಇನ್ನೂ ಆಗುವುದಿಲ್ಲ. ಎದುರಿಗೆ ಅವರನ್ನು ಭಾವ ಅನ್ನುತ್ತೇನೆ, ಆಕೆಯನ್ನು ಅಕ್ಕ ಅನ್ನುತ್ತೇನೆ, ಸೆರಗು ಸರಿ ಮಾಡಿಕೊಂಡು ಬಗ್ಗಿ ನಮಸ್ಕಾರವನ್ನೂ ಮಾಡುತ್ತೇನೆ. ಒಳಗೆ ಮಾತ್ರ ಮೆಣಸು ಅರೆಯುತ್ತ ಇರುತ್ತೇನೆ. ಅವರಿಗೂ ನಾನು ಅಷ್ಟೇ. ಕುಮಟೆಯಿಂದ ಬಂದ ಸೊಸೆ, ಬಾಯಿ ಜೋರು, ಆಫೀಸಿಗೆ ಹೋಗುವವಳು, ದೋಸೆಗೆ ಅಂಗಡಿ ಹಿಟ್ಟು ತರುವವಳು. ಕಡೆಯದು ಸುಳ್ಳು.

ಅವರು ಇರುವುದು ಭಟ್ಕಳದ ಹಳೇ ಮನೆಯಲ್ಲಿ, ನನ್ನ ಅತ್ತೆಯನ್ನು ಇಟ್ಟುಕೊಂಡು. ಭಾವ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಕುರ್ಚಿ ಬಿಟ್ಟರೂ ಕುರ್ಚಿಯ ಗತ್ತು ಬಿಡಲಿಲ್ಲ. ಮನೆಯವರ ಹತ್ತಿರವೂ ‘ಮಾಡುವುದು’, ‘ತಿಳಿಸುವುದು’ ಅಂತಲೇ ಮಾತಾಡುತ್ತಾರೆ. ನಾವು ಇರುವುದು ಹೊನ್ನಾವರದಲ್ಲಿ. ನನ್ನ ಗಂಡನಿಗೆ ಪೇಟೆಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ ಇದೆ, ನಾನು ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಹೊನ್ನಾವರದಲ್ಲಿ ಮನೆ ಕಟ್ಟಿ ಬಾಗಿಲಿಗೆ ತೋರಣ ಕಟ್ಟಿದ ದಿನವೇ ನಾನು ಗಂಡನಿಗೆ ಹೇಳಿದ್ದೆ, ಈ ಮನೆಗೆ ಚೌತಿ ಬರಬೇಕು ಅಂತ.

ನಮ್ಮ ಕಡೆ ಚೌತಿ ಅಂದರೆ ಎಂತ ಅಂತ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಒಂದು ಮನೆತನಕ್ಕೆ ಒಂದೇ ಗಣಪತಿ. ಅಣ್ಣತಮ್ಮಂದಿರು ಎಷ್ಟು ಒಲೆ ಹೂಡಿದರೂ ಗಣಪತಿಯನ್ನು ಪಾಲು ಮಾಡುವ ಹಾಗಿಲ್ಲ. ಆ ಗಣಪತಿಗೆ ಒಂದು ಮಣೆ ಇರುತ್ತದೆ. ನಾಗರಪಂಚಮಿಯ ಹೊತ್ತಿಗೆ ಮಣೆಯನ್ನು ಮೂರ್ತಿ ಮಾಡುವವರ ಮನೆಗೆ ಮುಟ್ಟಿಸಬೇಕು, ಅವರು ಅದರ ಮೇಲೆಯೇ ಮಣ್ಣಿನ ಗಣಪತಿಯನ್ನು ಕೂರಿಸುತ್ತಾರೆ. ಮಣೆ ಯಾವ ಮನೆಯಲ್ಲಿದೆಯೋ ಚೌತಿ ಆ ಮನೆಯದು. ನನ್ನ ಗಂಡನ ಮನೆತನದಲ್ಲಿ ಇನ್ನೂ ಒಂದು ಕಟ್ಟಳೆ: ಮಣೆ ಒಮ್ಮೆ ಮನೆತನದ ಇನ್ನೊಂದು ಮನೆಯ ಹೊಸಿಲು ದಾಟಿದರೆ ಮತ್ತೆ ಹಿಂದೆ ಬರುವ ಹಾಗಿಲ್ಲ. ಹೋದ ಮನೆಯವರು ಬಿಡದೆ ನಡೆಸಬೇಕು.

ನಾನು ಮದುವೆಯಾಗಿ ಬಂದ ಮೇಲೆ ಪ್ರತಿ ಚೌತಿಗೂ ಭಟ್ಕಳದ ಬಸ್ಸು ಹತ್ತಿದವಳು. ಅಲ್ಲಿ ನನ್ನ ಜಾಗ ಹಿತ್ತಿಲ ಕಟ್ಟೆ. ಸೌತೆಕಾಯಿ ಹೆಚ್ಚು, ಕಾಯಿ ತುರಿ, ಬಾಳೆಲೆ ಒರೆಸು. ಒಲೆಯ ಹತ್ತಿರ ಅಕ್ಕ ಕೂತರೆ ಕೂತಳು, ಸೌಟು ಇನ್ನೊಬ್ಬರ ಕೈಗೆ ಕೊಡುವವಳಲ್ಲ. “ಮಾಡ್ದವ್ರಿಗೇ ಗೊತ್ತು ಸೊಂಟ ಎಂತ ಆಗ್ತದೆ ಅಂತ” ಅನ್ನುವುದು, ಮತ್ತೆ ಕಡುಬು ಬೇಯಿಸುವುದು. ಹೊಗಳಿಸಿಕೊಳ್ಳಲಿಕ್ಕೆ ಹೀಗೆ ಅನ್ನುತ್ತಾಳೆ ಅಂತ ನನಗೆ ಮೈ ಉರಿಯುತ್ತಿತ್ತು.

ಒಂದು ಚೌತಿಗೆ ನಾನೇ ಹಿಟ್ಟು ಹುರಿದು, ಬೀಸಿ, ಬೆಣ್ಣೆ ಹಾಕಿ, ಒಂದು ಡಬ್ಬಿ ತುಂಬ ಚಕ್ಲಿ ಮಾಡಿ ತಕೊಂಡು ಹೋದೆ. ನನ್ನ ತವರಲ್ಲಿ ಕಲಿತ ಚಕ್ಲಿ. ದೇವರ ಮುಂದೆ ಇಡಲಿ ಅಂತ ಮಡಿಯಲ್ಲೇ ಮಾಡಿದ್ದೆ. ಅಕ್ಕ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು, ಮೂಸಿದಳು. “ಇದನ್ನ ಅಟ್ಟದ ಮೇಲೆ ಇಡು, ಮಕ್ಕಳಿಗೆ ಆಗ್ತದೆ. ದೇವ್ರ ಮುಂದೆ ನಮ್ಮನೆದು ಉಂಟು” ಅಂದಳು. ನಮ್ಮನೆದು! ಹಾಗಾದರೆ ನಾನು ಯಾರ ಮನೆಯವಳು? ಅಷ್ಟು ಜನರ ಮುಂದೆ ನಾನೇ ಏಣಿ ಹತ್ತಿ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟೆ. ಇಳಿದು ಬಂದು ಸೌತೆಕಾಯಿ ಹೆಚ್ಚಿದೆ. ಮುಂದೊಂದು ದಿನ ಚೌತಿ ನನ್ನ ಮನೆಗೆ ಬಂದರೆ ಇವಳ ಚಕ್ಲಿಗೂ ಒಂದು ಅಟ್ಟ ತೋರಿಸುತ್ತೇನೆ ಅಂತ ಅವತ್ತೇ ನಿಶ್ಚಯ ಮಾಡಿದೆ.

ನನ್ನ ಗಂಡ ಬಾಯಿಲ್ಲದ ಪ್ರಾಣಿ. ನಾನು ದಿನಾ ಕುಟ್ಟಿ ಕುಟ್ಟಿ, ಕೊನೆಗೊಮ್ಮೆ ಯುಗಾದಿಗೆ ಭಟ್ಕಳಕ್ಕೆ ಹೋದಾಗ ಊಟದ ಎಲೆಯ ಮುಂದೆ ಬಾಯಿ ಬಿಟ್ಟರು. “ಅಣ್ಣ, ಈ ವರ್ಷದಿಂದ ಚೌತಿ ಹೊನ್ನಾವರದಲ್ಲಿ ಮಾಡುವ ಅಂತ.” ಭಾವ ಅನ್ನ ಕಲಸುವುದನ್ನು ನಿಲ್ಲಿಸಲೂ ಇಲ್ಲ. “ನೀನು ಎಂತ ಹೇಳಿದ್ರೂ ಗಣಪತಿ ಇಲ್ಲೇ” ಅಂದರು. ಅವರು ಎಲ್ಲದಕ್ಕೂ ಹಾಗೆಯೇ ಅನ್ನುವುದು. ನೀನು ಎಂತ ಹೇಳಿದ್ರೂ ಅಡ್ಡಗೋಡೆ ಅಲ್ಲೇ, ನೀನು ಎಂತ ಹೇಳಿದ್ರೂ ತೆಂಗಿನಮರ ಕಡಿಯೂದಿಲ್ಲ. ಎದುರಿನವರು ಬಾಯಿ ತೆರೆಯುವ ಮೊದಲೇ ಇವರ ತೀರ್ಮಾನ ಬರೆದು ಮುದ್ರೆ ಒತ್ತಿ ಆಗಿರುತ್ತದೆ. ನನ್ನ ಗಂಡ ಎಲೆ ಬಿಟ್ಟು ಎದ್ದರು. ಅವರು ಹಾಗೆ ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಹೊಟ್ಟೆ ತುಂಬಿತು ನನಗೆ.

ಆಮೇಲೆ ಮಾತು ಬಿಟ್ಟಿತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಭಾವ ತಮ್ಮನ ಬಗ್ಗೆ ಒಂದು ಮಾತು ಬರೆದರು. ಹೆಂಡತಿಯ ಸೆರಗು ಹಿಡಿದು ನಡೆಯುವವ ಅಂತ. ಎಲ್ಲರೂ ಓದಿ ಆದ ಮೇಲೆ ಅಳಿಸಿದರು, ಕೇಳಿದರೆ ನಾನು ಬರೆದೇ ಇಲ್ಲ ಅಂದರು. ಅಳಿಸಿದ ಗುರುತು ಅಲ್ಲೇ ಕಣ್ಣಿಗೆ ಹೊಡೆಯುತ್ತಿದೆ, ಆದರೂ ಬರೆದೇ ಇಲ್ಲ! ನನ್ನ ಗಂಡ ಗುಂಪಿನಿಂದ ಹೊರಗೆ ಬಂದರು.

ಅತ್ತೆಗೆ ಸಾಕಾಯಿತು. “ನಿಮ್ಮ ಅಪ್ಪ ಇದ್ದಿದ್ರೆ ಹಲಗೆ ಹಾಕಿ ಕೂರಿಸ್ತಿದ್ರು” ಅಂತ ಇಬ್ಬರಿಗೂ ಫೋನು ಮಾಡಿದರು. ಅದು ಆ ಮನೆಯ ಹಳೇ ಪದ್ಧತಿ. ಮಾವನವರು ಇದ್ದಾಗ ಮಕ್ಕಳು ಯಾವುದಕ್ಕೆ ಜಗಳ ಆಡಿದರೂ ಚದುರಂಗದ ಹಲಗೆಯ ಮುಂದೆ ಕೂರಿಸುತ್ತಿದ್ದರಂತೆ. ಸೋತವನು ಮತ್ತೆ ಚಕಾರ ಎತ್ತುವ ಹಾಗಿಲ್ಲ. ಸೈಕಲ್ಲು ಯಾರಿಗೆ, ಮಹಡಿಯ ಕೋಣೆ ಯಾರಿಗೆ, ಎಲ್ಲ ಹಾಗೆಯೇ ತೀರಿದ್ದು. ಎಲ್ಲ ಅಣ್ಣನಿಗೇ ಸಿಕ್ಕಿದ್ದು ಅಂತ ಬೇರೆ ಹೇಳಬೇಕೆ? ಭಾವ ಮೊದಲು ಅಂಚೆ ಕಾರ್ಡಿನಲ್ಲಿ ಎಲ್ಲೆಲ್ಲಿಯವರ ಜೊತೆಗೋ ಚದುರಂಗ ಆಡಿದ ಮನುಷ್ಯ. ಅದಕ್ಕೇ ಅತ್ತೆಯ ಮಾತಿಗೆ ತಟ್ಟನೆ ಒಪ್ಪಿದರು. ಸೋತವರು ಮಣೆಯ ಮಾತು ಎತ್ತಬಾರದು, ನಾಗರಪಂಚಮಿಯ ಒಳಗೆ ಆಟ ಮುಗಿಯಬೇಕು.

ಆದರೆ ಎದುರುಬದುರು ಕೂರಲಿಕ್ಕೆ ಇಬ್ಬರೂ ತಯಾರಿಲ್ಲ. ಫೋನಿನಲ್ಲಿ ದನಿ ಕೇಳಲಿಕ್ಕೂ ತಯಾರಿಲ್ಲ. ವಾಟ್ಸಾಪಿನಲ್ಲಿ ಬೇಡ ಅಂತ ನಾನೇ ಪಟ್ಟು ಹಿಡಿದೆ. ಅಳಿಸುವ ಜನರ ಜೊತೆ ಅಲ್ಲಿ ಆಡುವುದು ಹೇಗೆ? ಇಮೇಲ್ ಆಗಲಿ, ಕಳಿಸಿದ್ದು ಕಳಿಸಿದ್ದೇ, ದಿನ ಗಂಟೆ ಎಲ್ಲ ಅದೇ ಹಾಕಿಕೊಳ್ಳುತ್ತದೆ.

ಎರಡು ದಿನಕ್ಕೆ ಭಟ್ಕಳದಿಂದ ನಿಯಮದ ಪಟ್ಟಿ ಬಂತು. ಸುತ್ತೋಲೆಯ ಹಾಗೆ ಇತ್ತು. ಕುಶಲ ಕೇಳಬಾರದು. ಒಂದು ಇಮೇಲಿಗೆ ಒಂದೇ ನಡೆ. ಮೊದಲು ಎದುರಾಳಿಯ ಹಿಂದಿನ ನಡೆಯನ್ನು ಬರೆಯುವುದು, ಅದರ ಕೆಳಗೆ ತನ್ನದು. ಆಗ ಇಬ್ಬರ ಹಲಗೆಯೂ ಒಂದೇ ಉಂಟು ಅಂತ ಗೊತ್ತಾಗುತ್ತದೆ. ನಡೆಗೆ ಕ್ರಮಸಂಖ್ಯೆ ಹಾಕುವುದು. ಕಾಯಿಯ ಹೆಸರು ಬರೆಯುವುದು ಬೇಡ, ನಾಲ್ಕೇ ಅಂಕಿ. ಬಿಳಿಯವನ ಎಡದಿಂದ ಬಲಕ್ಕೆ ಸಾಲುಗಳಿಗೆ ಒಂದರಿಂದ ಎಂಟು, ಅವನ ಕಡೆಯಿಂದ ಮೇಲಕ್ಕೆ ಮತ್ತೆ ಒಂದರಿಂದ ಎಂಟು. ಮೊದಲ ಎರಡು ಅಂಕಿ ಕಾಯಿ ಇದ್ದ ಮನೆ, ಮತ್ತಿನ ಎರಡು ಅದು ಹೋದ ಮನೆ. ಕಳಿಸಿದ ನಡೆಯನ್ನು ಯಾವ ಕಾರಣಕ್ಕೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕಡೆಗೆ ಶರತ್ತಿನ ನಡೆ: ಸಮಯ ಉಳಿಸಲಿಕ್ಕೆ ‘ನೀನು ಇಂಥದು ಆಡಿದರೆ ನನ್ನದು ಇಂಥದು’ ಅಂತ ಮುಂಚಿತವಾಗಿ ಬರೆಯಬಹುದು. ಎದುರಿನವನು ಅದನ್ನು ಆಡಿದನೋ, ಬರೆದವನು ಆ ಮಾತಿಗೆ ಕಟ್ಟುಬಿದ್ದ.

ಬಿಳಿ ಕಾಯಿ ಯಾರಿಗೆ ಅಂತ ಬೇರೆ ಕೇಳುವುದು ಉಂಟೇ? ದೊಡ್ಡವರಿಗೆ.

ನನ್ನ ಗಂಡನ ಬೆರಳು ತಂತಿ ಸುತ್ತಿ ಸುತ್ತಿ ದಪ್ಪ. ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತದೆ. ಟೈಪ್ ಮಾಡುವ ಕೆಲಸ ನನ್ನದಾಯಿತು. ಭಾವನಿಗೂ ಕಣ್ಣಿನ ಆಪರೇಷನ್ ಆದ ಮೇಲೆ ಪರದೆ ನೋಡಲಿಕ್ಕೆ ಆಗುವುದಿಲ್ಲ, ಅಲ್ಲಿ ಅಕ್ಕ ಟೈಪ್ ಮಾಡುವುದು ಅಂತ ಅತ್ತೆ ಹೇಳಿದ್ದರು. ಅಂದರೆ ಆಡುವವರು ಅಣ್ಣತಮ್ಮ, ಬರೆಯುವವರು ನೆಗೆಣ್ಣಿಯರು.

ಹಲಗೆಯನ್ನು ನನ್ನ ಹೊಲಿಗೆ ಮಷಿನ್ನಿನ ಮೇಲೆ ಹಾಕಿದೆವು. ಭಾವ ಮಂತ್ರಿಯ ಬದಿಯದೋ ರಾಜನ ಬದಿಯದೋ ಒಂದು ಪದಾತಿಯನ್ನು ಮುಂದೆ ಹಾಕಿದರು. ನನ್ನ ಗಂಡ ಕಪ್ಪು ಕಡೆ ಕೂತು ತಮ್ಮ ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನೂಕಿದರು. ನಾನು ನನ್ನ ಕಡೆಯಿಂದಲೇ ಎಣಿಸಿ 4244 ಅಂತ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: “4244 ನನ್ನ ಪದಾತಿ. ನನ್ನ ಕಾಯಿ ನಡೆಸುವ ಕೆಲಸ ನನಗೇ ಇರಲಿ. ಹಲಗೆ ತಿರುಗಿಸಿ ನೋಡುವುದು.” ಅದರ ಕೆಳಗೆ ಇನ್ನೊಂದು ಸಾಲು: “ಶಾಲೆಯಲ್ಲಿ ಕೆಲಸ ಮಾಡುವವರಿಗೆ ಎಣಿಸಲಿಕ್ಕೆ ಬರಬೇಕಿತ್ತು.” ಮೊದಲನೆಯದು ಭಾವನದು, ಎರಡನೆಯದು ಅಕ್ಕನದು. ಹೇಳಿಕೊಡಬೇಕೇ ನನಗೆ? ಹಲ್ಲು ಕಡಿದುಕೊಂಡು 5755 ಅಂತ ಸರಿಮಾಡಿ ಕಳಿಸಿದೆ. ಕೆಳಗೆ ಬರೆದೆ: “ಹಿರಿಯರಿಗೆ ಇಷ್ಟು ಬೇಗ ಉತ್ತರಿಸುವಷ್ಟು ಪುರಸೊತ್ತು ಇರುವುದು ಕಂಡು ಸಂತೋಷ.”

ಹೀಗೆ ಶುರುವಾಯಿತು. ಮೇಲೆ ನಾಲ್ಕು ಅಂಕಿ, ಕೆಳಗೆ ನಮ್ಮಿಬ್ಬರ ಕೊಂಕು. ನಮ್ಮ ಗಂಡಂದಿರಿಗೆ ಕೆಳಗಿನ ಸಾಲು ಗೊತ್ತೇ ಇರಲಿಲ್ಲ. ಅವರಿಗೆ ಅಂಕಿ ಮಾತ್ರ ಓದಿ ಹೇಳುತ್ತಿದ್ದೆವು. “ನಡೆ ಬೇಗ ಕಳಿಸುವುದು, ಎಲ್ಲರ ಮನೆಯಲ್ಲಿ ಆಳು ಇರುವುದಿಲ್ಲ” ಅಂತ ಆಕೆ. “ಆಳು ನಮಗೂ ಇಲ್ಲ, ಚೌತಿಗೆ ಭಟ್ಕಳಕ್ಕೆ ಆಳಾಗಿ ಹೋಗುವವರು ನಾವೇ” ಅಂತ ನಾನು. ಒಂದು ಸಲ ಆಕೆ ಬರೆದಳು, “ದೂರದಿಂದ ನೋಡುವವರಿಗೆ ಒಲೆಯ ಬೆಂಕಿ ಚೆಂದ.” ನಾನು ಬಿಟ್ಟೆನೇ? “ಹತ್ತಿರ ಬಿಟ್ಟರಲ್ಲವೇ ನೋಡುವುದು” ಅಂತ ಬರೆದು ಕಳಿಸಿ, ಅವತ್ತಿಡೀ ಖುಷಿಯಲ್ಲಿದ್ದೆ. ಶಾಲೆಯ ಕಚೇರಿಯಲ್ಲಿ ಕೂತು ಮಕ್ಕಳ ವರ್ಗಾವಣೆ ಪತ್ರ ಟೈಪ್ ಮಾಡುವಾಗಲೂ ಮುಂದಿನ ಕೊಂಕು ಯೋಚಿಸುತ್ತಿದ್ದೆ.

ಈ ನಡುವೆ ನನಗೆ ಆಟವೂ ಬಂತು. ಟೈಪ್ ಮಾಡುವ ಮೊದಲು ಅಂಕಿ ಸರಿ ಇದೆಯೋ ಅಂತ ಕಾಯಿಯನ್ನು ಕೈಯಲ್ಲಿ ಹಿಡಿದು ನಡೆಸಿ ನೋಡುವ ಅಭ್ಯಾಸ ಆಯಿತಲ್ಲ, ಹಾಗೆ ಬಂತು. ಕುದುರೆ ಎಲ್ಲಿ ಹಾರುತ್ತದೆ, ಒಂಟೆ ಯಾವ ಓರೆಯಲ್ಲಿ ಓಡುತ್ತದೆ, ಎಲ್ಲ ಗೊತ್ತಾಯಿತು. ಗೊತ್ತಾದದ್ದರಲ್ಲಿ ಇದೂ ಒಂದು: ನನ್ನ ಗಂಡ ಸೋಲುತ್ತಿದ್ದರು. ಒಂದೇ ಸಲಕ್ಕೆ ಅಲ್ಲ, ನಿಧಾನಕ್ಕೆ, ನೀರು ಇಂಗಿದ ಹಾಗೆ. ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮದು ಎರಡು ಪದಾತಿ ಕಡಿಮೆ, ಆನೆಗಳು ಮೂಲೆಯಲ್ಲಿ ಮಲಗಿದ್ದವು. “ಎಂತ ಮಾರಾಯ್ರೆ, ಒಂದಾದ್ರೂ ಮುಂದೆ ತನ್ನಿ” ಅಂದರೆ, “ಅಣ್ಣ ಜಾಗವೇ ಬಿಡೂದಿಲ್ಲ” ಅನ್ನುವರು. ಹುಟ್ಟಿದಾಗಿಂದ ಬಿಟ್ಟಿಲ್ಲ, ಈಗ ಬಿಡುತ್ತಾರೆಯೇ! ಸಿಟ್ಟಿಗೆ ಹಲಗೆಯನ್ನೇ ಎತ್ತಿ ಬಾವಿಗೆ ಹಾಕುವ ಅನಿಸುತ್ತಿತ್ತು. ಇನ್ನು ಸಾಯುವ ತನಕ ಸೌತೆಕಾಯಿ, ಹಿತ್ತಿಲ ಕಟ್ಟೆ, ಅಟ್ಟ. ಮುಂದೆ ಬಾಯಿ ತೆರೆಯುವ ಹಾಗೂ ಇಲ್ಲ, ಆಟ ಆಡಿ ಸೋತ ಮೇಲೆ.

ನಾಗರಪಂಚಮಿಗೆ ಸ್ವಲ್ಪ ದಿನ ಇರುವಾಗ ಆ ಇಮೇಲ್ ಬಂತು. ಶಾಲೆಯಿಂದ ಬಂದು ಚಾ ಒಲೆಯ ಮೇಲಿಟ್ಟು ಅದನ್ನು ತೆರೆದೆ.

“18. ನಿನ್ನ 6645 ತಲುಪಿತು.
19. ನನ್ನ ನಡೆ 1213.
ನೀನು ಎಂತ ಆಡಿದರೂ 20. 7181.”

ಕೆಳಗೆ ಕೊಂಕಿನ ಸಾಲು ಇರಲಿಲ್ಲ. ಅದನ್ನೂ ಬರೆಯಲಿಕ್ಕೆ ಆಕೆಗೆ ನಾವು ಲೆಕ್ಕಕ್ಕಿಲ್ಲದೆ ಹೋದೆವೋ ಅಂತ ನನಗೆ ಮೊದಲು ಅದಕ್ಕೇ ಸಿಟ್ಟು ಬಂತು. ಆಮೇಲೆ ಭಾವನ ಸಾಲಿಗೆ ಸಿಟ್ಟು ಬಂತು. ನೀನು ಎಂತ ಆಡಿದರೂ! ಇಲ್ಲಿಯೂ ಅದೇ. ತಮ್ಮ ಏನು ಆಡುತ್ತಾನೆ ಅಂತ ನೋಡುವಷ್ಟೂ ಮರ್ಯಾದೆ ಇಲ್ಲ, ಇವರ ಉತ್ತರ ಮೊದಲೇ ತಯಾರು. ರಾಜನನ್ನು ಒಂದು ಮನೆ ಸರಿಸಿ ಮೂಲೆಯಲ್ಲಿ ಭದ್ರ ಮಾಡಿಕೊಳ್ಳುತ್ತಾರಂತೆ, ನಾವು ಇಲ್ಲಿ ಬೊಬ್ಬೆ ಹೊಡೆದರೂ ಅವರಿಗೆ ಅಷ್ಟೇ.

ಉರಿಯುತ್ತಲೇ ಹಲಗೆಯ ಮುಂದೆ ಕೂತೆ. ಭಾವನ ಮಂತ್ರಿ ಇದ್ದದ್ದು 32ರಲ್ಲಿ. ನಮ್ಮ ಕುದುರೆ ಹಿಂದಿನ ನಡೆಯಲ್ಲಿ 45ಕ್ಕೆ ಬಂದಿತ್ತು. ಅಲ್ಲಿಂದ 24ಕ್ಕೆ ಹಾರಿದರೆ ಮಂತ್ರಿಯ ಮೇಲೆ ಬೀಳಬಹುದು ಅಂತ ನನ್ನ ಗಂಡನ ಆಸೆ ಇತ್ತು. ಭಾವ ಅದನ್ನು ಕಂಡಿದ್ದರು. ಅದಕ್ಕೇ 1213, ಅಂಚಿನ ಪದಾತಿಯನ್ನು ಒಂದು ಮನೆ ಮುಂದೆ ತಂದಿದ್ದರು. ಇನ್ನು ಕುದುರೆ 24ಕ್ಕೆ ಕಾಲಿಟ್ಟರೆ ಆ ಪದಾತಿ ಅದನ್ನು ಹೊಡೆದು ಹಾಕುತ್ತದೆ. ಬಾಗಿಲು ಹಾಕಿ ಅಗಳಿ ಸರಿಸಿದ ಹಾಗೆ.

ಚಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಏಳಲಿಲ್ಲ. ನನಗೆ ಹೊಳೆದದ್ದು ಇಷ್ಟು: ಹೊಡೆಯುವುದು ಹೇಗೆ? ಅವರ ಮುಂದಿನ ನಡೆ ಬರೆದು ಆಗಿದೆಯಲ್ಲ. 7181. ನಾವು ಎಂತ ಆಡಿದರೂ. ಕುದುರೆ ಪದಾತಿಯ ಬಾಯಿಗೇ ಹೋಗಿ ನಿಂತರೂ ಅವರು ರಾಜನನ್ನೇ ಸರಿಸಬೇಕು. ಮತ್ತಿನ ನಡೆ ನಮ್ಮದು. ಮಂತ್ರಿ ನಮ್ಮದು!

ಇನ್ನೊಮ್ಮೆ ನೋಡಿದೆ, ನಿಯಮದ ಪಟ್ಟಿಯನ್ನು ತೆಗೆದು ಓದಿದೆ. ಬರೆದವನು ಕಟ್ಟುಬಿದ್ದ. ಅಂಗಡಿಗೆ ಫೋನು ಮಾಡಿ, “ಶಟರ್ ಎಳೆದು ಈಗಲೇ ಬನ್ನಿ” ಅಂದೆ. ಯಾರಿಗೆ ಎಂತ ಆಯಿತೋ ಅಂತ ಹೆದರಿ ಓಡಿ ಬಂದರು. ತೋರಿಸಿದೆ. ಅವರ ಮುಖದಲ್ಲಿ ಖುಷಿ ಕಾಣಬೇಕಿತ್ತು, ಕಾಣಲಿಲ್ಲ.

“ಅಣ್ಣ ಹಾಂಗೆ ಬರೆಯೂ ಜನ ಅಲ್ಲ” ಅಂದರು. “ಇಷ್ಟು ಜಾಗ್ರತೆಯಲ್ಲಿ ಬಾಗ್ಲು ಹಾಕಿದವ್ರು ಕೀಲಿಕೈ ನಮ್ಮ ಕೈಗೆ ಕೊಡ್ತಾರಾ?”

“ಅಹಂಕಾರ ಮಾರಾಯ್ರೆ. ಕಣ್ಣು ಕುರುಡಾಗಿದೆ.”

“ಒಂದು ಸಲ ಕೇಳುವ. ನಿಜಕ್ಕೂ ಹೀಗೇ ಬರೆದದ್ದಾ ಅಂತ.”

“ಕೇಳೂದು? ಸೈಕಲ್ ತಕೊಳ್ಳುವಾಗ ನಿಮ್ಮನ್ನ ಕೇಳಿದ್ರಾ? ಗುಂಪಲ್ಲಿ ನಿಮ್ಮ ಮಾನ ಹರಾಜು ಹಾಕುವಾಗ ಕೇಳಿದ್ರಾ? ಕಳಿಸಿದ್ದು ಹಿಂದೆ ತಕೊಳ್ಳೂ ಹಾಂಗಿಲ್ಲ ಅಂತ ಬರ್ದದ್ದು ಯಾರು, ನಾನಾ?” ನನ್ನ ದನಿ ರಸ್ತೆಗೆ ಕೇಳಿರಬೇಕು. ಕೇಳಲಿ ಬಿಡಿ ಅನಿಸಿತು. “ಇವತ್ತು ನೀವು ಇದನ್ನ ಬಿಟ್ಟುಕೊಟ್ರೆ ನಾ ಸತ್ರೂ ಆ ಮನೆ ಹಿತ್ತಿಲಲ್ಲಿ ಕೂರೂದಿಲ್ಲ. ಕುಮಟೆಗೆ ಹೋಗ್ತೆ.”

ಅವರು ಕುದುರೆಯನ್ನು ಎತ್ತಿದರು, ಮತ್ತೆ 45ರಲ್ಲೇ ಇಟ್ಟರು, ಮತ್ತೆ ಎತ್ತಿದರು. ಕಡೆಗೆ 24ರ ಮೇಲೆ ಇಟ್ಟರು. “ಕಳಿಸು” ಅಂದು ಎದ್ದು ಹೊರಗೆ ಹೋದರು. ನಾನು ನಿಯಮದ ಪ್ರಕಾರ ಅವರ 1213 ಬರೆದೆ, ಕೆಳಗೆ 4524 ಬರೆದೆ. ಅದರ ಕೆಳಗೆ ಅವರ 7181ನ್ನೂ ನಾನೇ ಬರೆದು, ಅದರ ಕೆಳಗೆ 2432, ಮಂತ್ರಿ ಹೊಡೆತ. ಕೊಂಕು ಬರೆಯಬೇಕು ಅಂತ ಬಹಳ ಇತ್ತು. ಆದರೆ ಆ ಅಂಕಿಗಿಂತ ದೊಡ್ಡ ಕೊಂಕು ನನಗೆ ಹೊಳೆಯಲಿಲ್ಲ, ಹಾಗೇ ಕಳಿಸಿದೆ.

ಭಟ್ಕಳದಿಂದ ಬೈಗುಳ ಬರುತ್ತದೆ, ಆಟವೇ ರದ್ದು ಅನ್ನುತ್ತಾರೆ ಅಂತ ಸೊಂಟ ಕಟ್ಟಿ ಕಾದೆ. ಉತ್ತರ ತಯಾರು ಮಾಡಿಟ್ಟಿದ್ದೆ. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಒಂದು ಸಾಲು ಬಂತು: “ಸೋಲು ಒಪ್ಪಿದೆ. ಮಣೆ ಭಾನುವಾರ ತರುತ್ತೇನೆ.”

ಭಾನುವಾರ ಮಳೆಯಲ್ಲಿ ಭಾವ ಒಬ್ಬರೇ ಬಸ್ಸಿನಲ್ಲಿ ಬಂದರು. ಮಣೆಯನ್ನು ಪಂಚೆಯಲ್ಲಿ ಸುತ್ತಿ ಮೇಲೆ ಪ್ಲಾಸ್ಟಿಕ್ಕು ಕಟ್ಟಿದ್ದರು. ತಾವು ನೆನೆದಿದ್ದರು, ಮಣೆ ನೆನೆದಿರಲಿಲ್ಲ. ಜಗಲಿಯಲ್ಲಿ ತಮ್ಮನ ಕೈಗೆ ಕೊಟ್ಟು, “ಬಿಡದೆ ನಡೆಸುವುದು” ಅಂದರು. ನನ್ನ ಗಂಡನ ಕಣ್ಣಲ್ಲಿ ನೀರು. ನಾನು ಟವೆಲು ಕೊಟ್ಟೆ, ಚಾ ಮಾಡುತ್ತೇನೆ ಅಂದೆ. ಬೇಡ, ಬಸ್ಸಿದೆ ಅಂದು ಹೊರಟರು. ಪಾಪ ಅನಿಸಿತೇ ಅಂತ ಯಾರಾದರೂ ಕೇಳಿದರೆ, ಇಲ್ಲ. ನನಗೆ ಕುಣಿಯುವ ಹಾಗಾಗಿತ್ತು.

ಚೌತಿಯ ವಾರ ಶಾಲೆಗೆ ರಜೆ ಹಾಕಿದೆ. ಮನೆ ತೊಳೆದು, ಹಿಟ್ಟು ಬೀಸಿಸಿ, ನಾನೇ ಚಕ್ಲಿ ಒತ್ತಿದೆ, ನಾನೇ ಕರ್ಜಿಕಾಯಿ ಕರಿದೆ, ಉಂಡೆ ಕಟ್ಟಿದೆ. ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಕಾಯಿ ಹಣ್ಣು ಹುಡುಕಿಕೊಂಡು ನನ್ನ ಗಂಡ ಮಾವಳ್ಳಿಯ ತನಕ ಹೋಗಿ ಬಂದರು. ಚೌತಿಯ ಬೆಳಿಗ್ಗೆ ಸೊಂಟ ನನ್ನದೋ ಬೇರೆಯವರದೋ ಗೊತ್ತಾಗದ ಹಾಗಿತ್ತು. ಆದರೂ ಮರೆಯಲಿಲ್ಲ, ಏಣಿಯನ್ನು ಅಟ್ಟಕ್ಕೆ ಒರಗಿಸಿ ಇಟ್ಟಿದ್ದೆ. ಆಕೆ ಡಬ್ಬಿ ತರಲಿ. ಎಂತ ಹೇಳಬೇಕು ಅಂತ ಬಾಯಿಪಾಠ ಮಾಡಿದ್ದೆ.

ಭಟ್ಕಳದವರು ಪೂಜೆಯ ಹೊತ್ತಿಗೆ ಸರಿಯಾಗಿ ಬಂದರು. ಅತ್ತೆ, ಭಾವ, ಹಿಂದೆ ಅಕ್ಕ. ಹೊಸ ಸೀರೆ, ತಲೆ ತುಂಬ ಅಬ್ಬಲಿಗೆ. ಕೈಯಲ್ಲಿ ಎಂತದೂ ಇಲ್ಲ. ಒಂದು ತೆಂಗಿನಕಾಯಿ ಸಹ ಇಲ್ಲ. ನಾನು ಅವಳ ಕೈಯನ್ನೇ ನೋಡುತ್ತ ನಿಂತೆ.

ಆಕೆ ಜಗಲಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತಳು. ಪೂಜೆಗೆ ಎದ್ದಳು, ಊಟಕ್ಕೆ ಎದ್ದಳು. ದೇವರ ಮುಂದೆ ನನ್ನ ಚಕ್ಲಿ ಇತ್ತು. ಅದನ್ನು ನೋಡಿ ದಾಟಿ ಹೋದಳು. ಅವರ ಕಡೆಯವರು, ನಮ್ಮ ಕಡೆಯವರು, ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಆಕೆ ಒಮ್ಮೆಯೂ ಸೌಟು ಮುಟ್ಟಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಎಲ್ಲರ ಊಟ ಮುಗಿದು ನಾನು ಒಳಗೆ ರಾಶಿ ಬಿದ್ದ ಪಾತ್ರೆಗಳ ನಡುವೆ ಕೂತಾಗ ಆಕೆ ಬಾಗಿಲಲ್ಲಿ ಬಂದು ನಿಂತಳು.

“ಚಕ್ಲಿ ತರ್ಲಿಲ್ವಾ ಅಕ್ಕ?” ಅಂದೆ. ತಡೆಯಲಿಕ್ಕೆ ಆಗಲಿಲ್ಲ.

“ಎಂತಕ್ಕೆ? ಆ ಏಣಿ ನಂಗೆ ಕಾಣ್ತದೆ” ಅಂದಳು. ಕೂರುವ ಮಣೆಯೊಂದನ್ನು ಎಳೆದು ಕೂತಳು. “ನಾ ಈ ವರ್ಷ ಚಕ್ಲಿಯೇ ಮಾಡ್ಲಿಲ್ಲ. ಮದ್ವೆ ಆಗಿ ಬಂದ ಮೇಲೆ ಇದೇ ಮೊದಲು ನೋಡು, ಚೌತಿ ದಿವಸ ಬೆಳಿಗ್ಗೆ ನಿದ್ರೆ ಮಾಡಿ ಎದ್ದದ್ದು.”

“ಸೋತದ್ದು ಒಳ್ಳೇದೇ ಆತು ಹಾಂಗಾದ್ರೆ” ಅಂದೆ, ಚುಚ್ಚಲಿಕ್ಕೆ.

ಆಕೆ ನಕ್ಕಳು. “ಅವ್ರು ಹೇಳಿದ್ದು ನಾಲ್ಕು ಅಂಕಿ. ಒಂದು ಎರಡು ಒಂದು ಮೂರು, ಬರೆ ಅಂದ್ರು. ಬರ್ದೆ. ಆಮೇಲೆ ಅತ್ತಿಂದಿತ್ತ ತಿರುಗ್ತಾ, ಇನ್ನು ರಾಜನ್ನ ಮೂಲೆಗೆ ಕೂರ್ಸೂದು, ಅಂವ ಎಂತ ಆಡಿದ್ರೂ ಅಂದ್ರು. ಅದು ಬಾಯಲ್ಲಿ ಹೇಳಿದ್ದು. ಬರೆ ಅಂತ ಹೇಳಿದ್ದಲ್ಲ. ನಾ ಬರ್ದೆ.”

ನಾನು ಪಾತ್ರೆ ತಿಕ್ಕುವುದನ್ನು ಬಿಟ್ಟು ಆಕೆಯ ಕಡೆ ತಿರುಗಿದೆ. “ಗೊತ್ತಿಲ್ದೆ ಬರ್ದಿರಾ?”

“ಆ ನಿಯಮದ ಪಟ್ಟಿ ಟೈಪ್ ಮಾಡಿದ್ದು ಯಾರು ಅಂತ ತಿಳ್ಕೊಂಡಿದ್ದೀಯ? ನಿನ್ನ ಭಾವನಾ? ಅವ್ರ ಕಾರ್ಡೆಲ್ಲ ಅಂಚೆಗೆ ಹಾಕೂ ಮೊದಲು ಅಂಕಿ ಸರಿ ಉಂಟಾ ನೋಡ್ತಿದ್ದವಳು ನಾನು.”

“ಭಾವನಿಗೆ?”

“ನಿನ್ನ ಕುದುರೆ ಬಂದ ಮೇಲೆ ಗೊತ್ತಾತು. ಸಿಟ್ಟಲ್ಲಿ ಕುಣಿದ್ರು. ‘ಹೆಂಡ್ತಿ ಬರ್ದದ್ದು, ನನ್ನ ನಡೆ ವಾಪಸ್ ಕೊಡು’ ಅಂತ ತಮ್ಮಂಗೆ ಬರೀರಿ, ನಾನೇ ಟೈಪ್ ಮಾಡಿ ಕೊಡ್ತೆ ಅಂದೆ. ಎರಡು ದಿವಸ ಉಣ್ಲಿಲ್ಲ. ಬರೀಲೂ ಇಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಂಗೆ ಸಾಕಾತು, ಸೊಂಟ ಹೋಯ್ತು ಅಂತ ಪ್ರತಿ ವರ್ಷ ಹೇಳ್ದೆ. ಯಾರಾದ್ರೂ ಕೇಳಿದ್ರಾ? ನೀನು ಕೇಳಿದ್ಯಾ? ಮಣೆ ಸುಮ್ನೆ ಕೊಡ್ತೆ ಅಂದ್ರೆ ಆ ಮನೆಯಲ್ಲಿ ಕೊಡೂಕೆ ಬಿಡ್ತಿದ್ರಾ? ಜಗಳ ಮಾಡಿ ಗೆದ್ದು ತಕೊಂಡು ಹೋಗೂ ಜನ ಬೇಕಾಗಿತ್ತು. ನಿನ್ನ ಹಾಂಗಿನವಳು.”

ಕೆನ್ನೆಗೆ ಬಾರಿಸಿದ ಹಾಗಾಯಿತು. ಬಾಯಿಪಾಠ ಮಾಡಿದ್ದೆಲ್ಲ ಅಟ್ಟಕ್ಕೆ, ಡಬ್ಬಿಗೆ ಸೇರಿದ್ದು. ಇಲ್ಲಿಗೆ ಒಂದೂ ಹೊಂದಲಿಲ್ಲ. ಆಕೆ ಕೈ ಚಾಚಿ ನನ್ನ ಡಬ್ಬಿಯಿಂದ ಒಂದು ಚಕ್ಲಿ ತೆಗೆದಳು. ಮುರಿದಳು, ಅಗಿದಳು.

“ಸ್ವಲ್ಪ ಗಟ್ಟಿ ಆತು. ಬೆಣ್ಣೆ ಸಾಲ್ಲಿಲ್ಲ. ಮುಂದಿನ ವರ್ಷ ನೋಡ್ಕ.”

ಅಷ್ಟರಲ್ಲಿ ಜಗಲಿಯಿಂದ ಭಾವನ ದನಿ ಕೇಳಿತು. “ಚಾ ಎಂತಾತು?”

ಇಬ್ಬರಿಗೂ ಕೇಳಿತು. ಅಭ್ಯಾಸಕ್ಕೆ ನಾನು ಆಕೆಯ ಮುಖ ನೋಡಿದೆ. ಆಕೆ ಗೋಡೆಗೆ ಒರಗಿ, ಕಾಲು ನೀಡಿ, ಉಳಿದರ್ಧ ಚಕ್ಲಿಯನ್ನು ಬಾಯಿಗೆ ಹಾಕಿಕೊಂಡಳು.

“ಆತು ಭಾವ, ತರ್ತೆ” ಅಂತ ಕೂಗಿ ನಾನೇ ಎದ್ದೆ. ಒಲೆ ನನ್ನದು.